ಪಿಕಪ್ಪಿನ ಬೆನ್ನ ಮೇಲೊಂದು ಗೋದಾಮು

1958ರ ಬೇಸಿಗೆಯಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿನ ತಿಂಡಿ ತಿಂದವರು ಒಬ್ಬರ ಹಿಂದೊಬ್ಬರಂತೆ ಆಸ್ಪತ್ರೆ ಸೇರಿದರು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಡುಗೆಯವರ ತಪ್ಪಿರಲಿಲ್ಲ, ಯಾರೂ ಬೇಕೆಂದು ವಿಷ ಬೆರೆಸಿರಲಿಲ್ಲ. ಫಾಲಿಡಾಲ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಪ್ಯಾರಾಥಿಯಾನ್ ಕೀಟನಾಶಕವೂ ಆಹಾರದ ಚೀಲಗಳೂ ಒಂದೇ ಹಡಗಿನಲ್ಲಿ ಬಂದಿದ್ದವು. ದಾರಿಯಲ್ಲಿ ವಿಷ ಸೋರಿತ್ತು, ಚೀಲ ಅದನ್ನು ಹೀರಿತ್ತು. ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ಇಂಥ ವಸ್ತುಗಳಿಗೆ ಕಟ್ಟುಪಾಡು ಬೇಕೆಂದು ಹೇಳಿತು. ಕೊನೆಗೆ 1968ರಲ್ಲಿ ಕೀಟನಾಶಕ ಕಾಯ್ದೆಯೂ 1971ರಲ್ಲಿ ಅದರ ನಿಯಮಗಳೂ ಬಂದವು. ಕೀಟನಾಶಕದ ಬಗ್ಗೆ ನಮ್ಮ ಕಾನೂನು ಕಣ್ಣು ತೆರೆದದ್ದು ಸಾಗಣೆಯಲ್ಲಾದ ಒಂದು ಎಡವಟ್ಟಿನಿಂದ. ಸಿಂಪಡಿಸುವಾಗ ಏನಾಗುತ್ತದೆ ಎಂಬ ಚರ್ಚೆ ಆಮೇಲಿನದು. ಆದರೂ ಇಂದು ರಾಸಾಯನಿಕದ ಸುರಕ್ಷತೆ ಎಂದೊಡನೆ ನಮ್ಮ ಬಾಯಿಗೆ ಬರುವುದು ಮಾಸ್ಕು, ಗ್ಲೌಸು, ಗಾಳಿಯ ದಿಕ್ಕು. ಕ್ಯಾನು ಯಾವುದರ ಪಕ್ಕದಲ್ಲಿ ಕೂತು ಬಂತು ಎಂದು ಕೇಳುವವರು ಕಡಿಮೆ.

ಕೊಡಗಿನಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕಾದ ಕಾಲ ಬಂದಿದೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಅದಕ್ಕಿಂತ ಬಹಳ ಜಾಸ್ತಿ. ಮಳೆ ಹಿಂದೆ ಸರಿಯುವಾಗ ಹೆಂಚು, ಮೆಟ್ಟಿಲು, ಕಾಂಪೌಂಡು ಗೋಡೆ, ಕಾಫಿ ಒಣಗಿಸುವ ಕಣ, ಎಲ್ಲದರ ಮೇಲೂ ಪಾಚಿ. ಹಿಂದೆ ಇದನ್ನು ತೆಂಗಿನ ಕಡ್ಡಿಯ ಪೊರಕೆಯಲ್ಲಿ ಉಜ್ಜುತ್ತಿದ್ದರು. ಹೋಂಸ್ಟೇಗಳು ಹೆಚ್ಚಾದ ಮೇಲೆ, ಆಳು ಸಿಗುವುದು ಕಷ್ಟವಾದ ಮೇಲೆ, ಪ್ರೆಶರ್ ವಾಷರ್ ಬಂತು. ಪಿಕಪ್ಪಿನ ಹಿಂದೆಯೋ ಟ್ರ್ಯಾಕ್ಟರಿನ ಟ್ರೈಲರ್ ಮೇಲೆಯೋ ಒಂದು ನೀರಿನ ಟ್ಯಾಂಕು, ಪೆಟ್ರೋಲ್ ಎಂಜಿನ್ನಿನ ಪಂಪು, ಸುತ್ತಿಟ್ಟ ಹೋಸ್ ಪೈಪು, ಗನ್ನು. ಇವುಗಳ ಸಂದಿಯಲ್ಲಿ ಹೈಪೋಕ್ಲೋರೈಟ್ ಕ್ಯಾನು ಅಥವಾ ಬ್ಲೀಚಿಂಗ್ ಪೌಡರ್ ಚೀಲ, ಸಿಮೆಂಟಿನ ಕಲೆ ತೆಗೆಯಲು ಆಸಿಡ್, ಪೆಟ್ರೋಲ್ ಕ್ಯಾನು, ಜತೆಗೆ ಹುಡುಗರ ಬುತ್ತಿ. ಇನ್ನೊಂದು ಕಡೆ, ಮಳೆಗೆ ಮುಂಚೆ ಮೇ–ಜೂನ್‌ನಲ್ಲಿಯೂ ಮಳೆ ಬಿಟ್ಟ ಮೇಲೆ ಸೆಪ್ಟೆಂಬರ್‌ನಲ್ಲಿಯೂ ತೋಟಕ್ಕೆ ಬೋರ್ಡೋ ಎಂಬ ಶಿಲೀಂಧ್ರನಾಶಕ ಹೊಡೆಯಲು ಹೋಗುವ ಗಾಡಿಯ ಸ್ವರೂಪವೂ ಹೀಗೆಯೇ: ಬ್ಯಾರೆಲ್ಲು, ಒತ್ತಡದಿಂದ ಸಿಂಪಡಿಸುವ ಎಚ್‌ಟಿಪಿ ಪಂಪು, ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ. ಗಾಡಿ ತೊಳೆಯುವುದಕ್ಕೂ ಮೆಣಸಿನ ಬಳ್ಳಿಗೆ ಹೊಡೆಯುವುದಕ್ಕೂ ಆ ಪಂಪು ಆಗುತ್ತದೆ. ಹೀಗಾಗಿ ಇವೆರಡನ್ನೂ ಬೇರೆ ಬೇರೆ ಕಸುಬುಗಳೆಂದು ನೋಡುವುದಕ್ಕಿಂತ ಒಂದೇ ತರಹದ ವಾಹನ ಎಂದು ನೋಡುವುದು ಉಪಯುಕ್ತ. ಇಲ್ಲಿ ನನ್ನ ವಾದ ಇಷ್ಟೇ: ಈ ಗಾಡಿಯನ್ನು ಸಾಮಾನು ಸಾಗಿಸುವ ಗಾಡಿ ಎಂದು ತಿಳಿದಿರುವುದೇ ಮೂಲ ತಪ್ಪು. ಕೆಲಸದ ತಿಂಗಳುಗಳಲ್ಲಿ ರಾಸಾಯನಿಕ ಹಗಲೂ ರಾತ್ರಿ ಇರುವುದು ಅದರಲ್ಲೇ. ಅದು ಗೋದಾಮು, ಗೋದಾಮು ಕಟ್ಟುವ ಲೆಕ್ಕದಲ್ಲಿಯೇ ಅದನ್ನು ಕಟ್ಟಬೇಕು.

ಗೋದಾಮಿನಲ್ಲಿ ಅಪಾಯವನ್ನು ತೀರ್ಮಾನಿಸುವುದು ವಸ್ತುವಿನ ತೀಕ್ಷ್ಣತೆಗಿಂತ ಹೆಚ್ಚಾಗಿ ಅದರ ನೆರೆಹೊರೆ. ಹೈಪೋಕ್ಲೋರೈಟ್ ಒಂದೇ ಇದ್ದರೆ ಬಟ್ಟೆ ಸುಡುವ, ಕಣ್ಣು ಉರಿಸುವ ದ್ರವ. ಹೈಡ್ರೋಕ್ಲೋರಿಕ್ ಆಸಿಡ್ ಒಂದೇ ಇದ್ದರೆ ಮೂಗು ಮುಚ್ಚಿಸುವ ದ್ರವ. ಎರಡೂ ಸೋರಿ ಒಂದೇ ತಗಡಿನ ಮೇಲೆ ಕೂಡಿದರೆ ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೇನೆ ಕಂದಕದಲ್ಲಿದ್ದ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಕಂದಕಗಳೇ ಬಲಿಯಾದದ್ದಕ್ಕೆ ಒಂದು ಕಾರಣ, ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ; ತಗ್ಗು ಹುಡುಕಿಕೊಂಡು ಹೋಗುತ್ತದೆ. ಬ್ಲೀಚಿಂಗ್ ಪೌಡರಿನ ಮೇಲೆ ಪೆಟ್ರೋಲೋ ಎಣ್ಣೆಯೋ ಸುರಿದರೆ ಕಡ್ಡಿ ಗೀರದೆಯೂ ಬೆಂಕಿ ಹೊತ್ತಬಹುದು. ಕೊಡಗಿಗೇ ಹೆಚ್ಚು ಒಪ್ಪುವ ಮತ್ತೊಂದು ಜೋಡಿಯನ್ನು ಯಾರೂ ಹೆಸರಿಸುವುದಿಲ್ಲ. ತಾಮ್ರದ ಅಂಶ ತಗುಲಿದರೆ ಹೈಪೋಕ್ಲೋರೈಟ್ ಬೇಗ ಒಡೆದು ಆಮ್ಲಜನಕ ಬಿಡುತ್ತದೆ. ನಿನ್ನೆ ಮೈಲುತುತ್ತ ಕರಗಿಸಿದ ಬ್ಯಾರೆಲ್ಲನ್ನು ಅರೆಬರೆ ತೊಳೆದು ಇಂದು ಬ್ಲೀಚ್ ತುಂಬಿ ಮುಚ್ಚಳ ಬಿಗಿದರೆ ಒಳಗೆ ಒತ್ತಡ ಏರುತ್ತದೆ. ಮುಚ್ಚಳ ತೆಗೆಯಲು ಬಗ್ಗಿದವನ ಮುಖಕ್ಕೆ ಎರಚುವುದು ಹೀಗೆ. ಬಿಸಿಲಲ್ಲಿ ನಿಂತ ಹೈಪೋಕ್ಲೋರೈಟ್ ತಾಮ್ರವಿಲ್ಲದೆಯೂ ನಿಧಾನವಾಗಿ ಇದನ್ನೇ ಮಾಡುತ್ತದೆ. ಅದಕ್ಕೇ ಅದರ ಕ್ಯಾನಿನ ಮುಚ್ಚಳದಲ್ಲಿ ಅನಿಲ ಹೋಗಲು ಸಣ್ಣ ಕಿಂಡಿ ಇರುತ್ತದೆ. ಸೋರುತ್ತದೆ ಎಂದು ಅದನ್ನು ಮೇಣ ಹಚ್ಚಿ ಮುಚ್ಚುವ ಜಾಣರೂ ಇದ್ದಾರೆ.

ಕಾನೂನು ಇಲ್ಲಿ ಎಲ್ಲಿಯವರೆಗೆ ಬರುತ್ತದೆ? 1971ರ ನಿಯಮಗಳು ಕೀಟನಾಶಕವನ್ನು ಆಹಾರಕ್ಕೂ ಪಶು ಆಹಾರಕ್ಕೂ ತಗುಲುವಂತೆ ಸಾಗಿಸಬಾರದು, ಇಡಬಾರದು ಎನ್ನುತ್ತವೆ. ದಾಸ್ತಾನನ್ನು ಬೇರೆ ಕೋಣೆಯಲ್ಲಿ ಅಥವಾ, ಪ್ರಮಾಣ ನೋಡಿಕೊಂಡು, ಬೀಗ ಹಾಕಿದ ಬೇರೆ ಕಪಾಟಿನಲ್ಲಿ ಇಡಬೇಕು ಎನ್ನುತ್ತವೆ. ಎರಡೂ ಒಳ್ಳೆಯ ಮಾತು. ಆದರೆ ಆಸಿಡ್ ಮತ್ತು ಬ್ಲೀಚ್ ಕೀಟನಾಶಕಗಳಲ್ಲ. ಆಸಿಡ್ ಮಾರಾಟದ ಮೇಲೆ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಕಡಿವಾಣ ಅಂಗಡಿಯ ರಿಜಿಸ್ಟರಿಗೆ, ಕೊಳ್ಳುವವರ ಗುರುತಿನ ಚೀಟಿಗೆ ಸಂಬಂಧಿಸಿದ್ದು. ಆಸಿಡ್ ದಾಳಿ ತಡೆಯುವುದು ಅದರ ಉದ್ದೇಶ. ಅಂಗಡಿ ಬಾಗಿಲು ದಾಟಿದ ಮೇಲೆ ಆ ಬಾಟಲಿ ಯಾವುದರ ಪಕ್ಕ ಕೂರುತ್ತದೆ ಎಂಬುದು ಅಲ್ಲಿ ಬರುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅಪಾಯಕಾರಿ ಸರಕಿನ ಗಾಡಿಗೆ ಫಲಕ, ಚಾಲಕನಿಗೆ ತರಬೇತಿ ಎಲ್ಲ ಇದೆ, ಆದರೆ ಅದನ್ನು ಓದುವಾಗ ಮನಸ್ಸಿನಲ್ಲಿ ನಿಲ್ಲುವುದು ಹೆದ್ದಾರಿಯ ಟ್ಯಾಂಕರ್. ನಾಪೋಕ್ಲುವಿನಿಂದ ಕಕ್ಕಬ್ಬೆಗೆ ಎರಡು ಕ್ಯಾನು ಹಾಕಿಕೊಂಡು ಹೋಗುವ ಪಿಕಪ್ಪನ್ನು ಯಾರೂ ಆ ಕಣ್ಣಿನಿಂದ ನೋಡುವುದಿಲ್ಲ. ಒಟ್ಟಿನಲ್ಲಿ ಅಂಗಡಿಗೆ ನಿಯಮವಿದೆ, ಗೋದಾಮಿಗೆ ನಿಯಮವಿದೆ, ದೊಡ್ಡ ಲಾರಿಗೆ ನಿಯಮವಿದೆ. ನಮ್ಮ ಗಾಡಿ ಮೂರರ ನಡುವೆ ನುಸುಳಿ ಹೋಗುತ್ತದೆ. ನಿಯಮ ಬರುವವರೆಗೆ ಕಾಯುವುದಕ್ಕಿಂತ ಬೆಸುಗೆ ಹಾಕುವವನ ಶೆಡ್ಡಿಗೆ ಹೋಗುವುದು ಲೇಸು.

ಆ ಶೆಡ್ಡಿನಲ್ಲಿ ಏನು ಹೇಳಬೇಕು ಎಂಬುದೇ ವಿಷಯದ ತಿರುಳು. ಮೊದಲಿಗೆ ತೂಕ. ಸಾವಿರ ಲೀಟರ್ ನೀರೆಂದರೆ ಒಂದು ಟನ್. ಟ್ರೈಲರ್ ಆದರೆ ಟ್ಯಾಂಕು ಅಚ್ಚಿನ ಮೇಲೆಯೇ, ತುಸು ಮುಂದಕ್ಕೆ ಕೂರಬೇಕು. ಹಿಂದಕ್ಕೆ ಜರುಗಿದರೆ ಕೊಂಡಿಯ ಮೇಲಿನ ಭಾರ ಹೋಗಿ ಇಳಿಜಾರಿನಲ್ಲಿ ಟ್ರೈಲರ್ ಬಾಲದಂತೆ ಅಲ್ಲಾಡುತ್ತದೆ. ಅರ್ಧ ತುಂಬಿದ ಟ್ಯಾಂಕು ತುಂಬಿದ್ದಕ್ಕಿಂತ ಕೆಟ್ಟದ್ದು, ನೀರು ತಿರುವಿಗೆ ತಕ್ಕಂತೆ ಒಂದು ಬದಿಗೆ ನುಗ್ಗುತ್ತದೆ; ಒಳಗೆ ಅಡ್ಡ ಹಲಗೆಗಳಿರುವ ಟ್ಯಾಂಕು ಬೇಕು. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ಇಳುಕಲಿನಲ್ಲೋ ಗಾಡಿ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದು ತಟ್ಟೆ. ಪ್ರತಿ ಗುಂಪಿನ ಕ್ಯಾನಿಗೂ ಎತ್ತರದ ಅಂಚಿನ ಒಂದೊಂದು ತಟ್ಟೆ ಇರಬೇಕು. ಅದರಲ್ಲಿರುವ ಅತಿ ದೊಡ್ಡ ಕ್ಯಾನು ಪೂರ್ತಿ ಸೋರಿದರೂ ಹಿಡಿದುಕೊಂಡು ಇನ್ನೂ ಹತ್ತರಲ್ಲೊಂದು ಪಾಲು ಜಾಗ ಉಳಿಯಬೇಕು. ಲೋಕದಾದ್ಯಂತ ರಾಸಾಯನಿಕ ಗೋದಾಮುಗಳು ಪಾಲಿಸುವ ಅಳತೆ ಇದು. ಮೂವತ್ತು ಲೀಟರ್ ಕ್ಯಾನಿಗೆ ಮೂವತ್ತಮೂರು ಲೀಟರ್ ಹಿಡಿಯುವ ತಟ್ಟೆ. ತಟ್ಟೆ ಪ್ಲಾಸ್ಟಿಕ್ಕಿನದಾಗಿರಲಿ, ಕಬ್ಬಿಣದ್ದು ಬೇಡ. ಬೋರ್ಡೋ ಮಾಡುವವರಿಗೆ ಕಾರಣ ಗೊತ್ತು: ದ್ರಾವಣದಲ್ಲಿ ಕಬ್ಬಿಣದ ಕತ್ತಿ ಅದ್ದಿ, ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದು ಅವರು ಲೆಕ್ಕ ಹಾಕುತ್ತಾರೆ. ಕತ್ತಿಯ ಮೇಲೆ ತಾಮ್ರ ಕೂರಿಸುವ ಆ ಮೈಲುತುತ್ತವೇ ಪಿಕಪ್ಪಿನ ತಗಡನ್ನೂ ತಿನ್ನುತ್ತದೆ. ಆಸಿಡ್ ಅಂತೂ ಸರಿಯೇ ಸರಿ. ತುಕ್ಕು ಹಿಡಿದ ತಳದ ತೂತಿನಿಂದ ಸೋರಿದ್ದು ರಸ್ತೆಯುದ್ದಕ್ಕೂ ಹನಿಯುತ್ತದೆ.

ಆಮೇಲೆ ಯಾರ ಪಕ್ಕ ಯಾರು ಎಂಬ ಪ್ರಶ್ನೆ. ಆಸಿಡ್ ಮತ್ತು ಬ್ಲೀಚ್ ಒಂದೇ ಪ್ರಯಾಣದಲ್ಲಿ ಹೋಗದಿರುವುದು ಉತ್ತಮ. ಹೋಗಲೇಬೇಕಾದರೆ ಟ್ಯಾಂಕನ್ನೇ ನಡುವಿನ ಗೋಡೆ ಮಾಡಿ ಒಂದು ಎಡ ಮೂಲೆಗೆ, ಒಂದು ಬಲ ಮೂಲೆಗೆ ಹೋಗಲಿ. ತಟ್ಟೆಯೂ ಬೇರೆ, ಪೆಟ್ಟಿಗೆಯೂ ಬೇರೆ, ಬೀಗವೂ ಬೇರೆ. ಪೆಟ್ರೋಲ್ ಕ್ಯಾನು ಎಂಜಿನ್ನಿಂದಲೂ ಬ್ಲೀಚಿನಿಂದಲೂ ದೂರ. ಪುಡಿ ಮೇಲಿನ ತಟ್ಟೆಗೆ, ದ್ರವ ಕೆಳಗಿನದಕ್ಕೆ, ಇಲ್ಲದಿದ್ದರೆ ಸೋರಿದ ದ್ರವ ಪುಡಿಯ ಚೀಲಕ್ಕೆ ಇಳಿಯುತ್ತದೆ. ಸುಟ್ಟ ಸುಣ್ಣವನ್ನು ನೀರು ಸೋಕದ ಮುಚ್ಚಳದ ಬಕೆಟ್ಟಿನಲ್ಲೇ ಇಡಬೇಕು, ಮಳೆ ಹನಿ ಬಿದ್ದರೂ ಅದು ಕುದಿಯತೊಡಗುತ್ತದೆ. ಪೆಟ್ಟಿಗೆಗೆ ಗಾಳಿಕಿಂಡಿ ಇಡುವಾಗ ನಮ್ಮ ಬೆಸುಗೆಯವರು ಅಭ್ಯಾಸಬಲದಿಂದ ಮೇಲ್ಗಡೆ ತೂತು ಕೊರೆಯುತ್ತಾರೆ. ಕ್ಲೋರಿನ್ನೂ ಪೆಟ್ರೋಲ್ ಆವಿಯೂ ಭಾರವಾದ್ದರಿಂದ ಕೆಳಗಡೆಯೂ ಕಿಂಡಿ ಬೇಕು, ಆದರೆ ತಟ್ಟೆಯ ಅಂಚಿಗಿಂತ ಒಂದು ಬೆರಳು ಮೇಲೆ. ಇಂಥ ಪೆಟ್ಟಿಗೆ ಚಾಲಕನ ಕ್ಯಾಬಿನ್ನಿನೊಳಗೆ, ಸೀಟಿನ ಹಿಂದೆ ಎಂದಿಗೂ ಇರಕೂಡದು. ಬುತ್ತಿ, ಕುಡಿಯುವ ನೀರು, ಮನೆಗೆ ಕೊಂಡ ಅಕ್ಕಿ ಇವು ಕ್ಯಾಬಿನ್ನಿಗೆ, ರಾಸಾಯನಿಕ ಹಿಂದಕ್ಕೆ. 1958ರಲ್ಲಿ ಹಡಗಿನಲ್ಲಿ ಇಲ್ಲದೆ ಹೋದದ್ದು ಈ ಒಂದು ಗೋಡೆ.

ಇನ್ನೊಂದು ಸಂಗತಿಗೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಸಾವಿರ ಲೀಟರ್ ನೀರು ಹೊತ್ತ ಗಾಡಿಯಲ್ಲಿ ಕಣ್ಣು ತೊಳೆಯಲು ನೀರಿರುವುದಿಲ್ಲ ಎಂದರೆ ನಂಬುವುದು ಕಷ್ಟ. ಟ್ಯಾಂಕಿನ ನೀರು ಪಂಪಿನ ಮೂಲಕವೇ ಹೊರಬರುತ್ತದೆ. ಕಾರಿನ ಟೈರಿನಲ್ಲಿ ಎರಡು–ಎರಡೂವರೆ ಬಾರ್ ಒತ್ತಡವಿದ್ದರೆ ಪ್ರೆಶರ್ ವಾಷರ್ ಗನ್ನಿನಲ್ಲಿ ನೂರು ಬಾರ್ ದಾಟುತ್ತದೆ. ಅದು ಚರ್ಮದೊಳಕ್ಕೆ ನೀರನ್ನು ಚುಚ್ಚಬಲ್ಲದು. ಸೂಜಿ ಚುಚ್ಚಿದಷ್ಟೇ ಕಾಣುವ ಗಾಯಕ್ಕೆ ಶಸ್ತ್ರಚಿಕಿತ್ಸೆ ಬೇಕಾದೀತು. ಅದನ್ನು ಕಣ್ಣಿಗೆ ಹಿಡಿಯುವ ಮಾತೇ ಇಲ್ಲ. ಸಿಂಪಡಣೆಯ ಗಾಡಿಯಾದರೆ ಬ್ಯಾರೆಲ್ಲಿನಲ್ಲಿರುವುದೇ ಔಷಧಿ. ಕಣ್ಣಿಗೆ ಸುಣ್ಣವೋ ಬ್ಲೀಚೋ ಬಿದ್ದಾಗ ಮೊದಲ ಕೆಲವು ನಿಮಿಷಗಳೇ ದೃಷ್ಟಿಯನ್ನು ಉಳಿಸುವುದು ಅಥವಾ ಕಳೆಯುವುದು. ಕ್ಷಾರ ಆಸಿಡ್ಡಿಗಿಂತ ಆಳಕ್ಕೆ ಇಳಿಯುತ್ತದೆ. ಸುಣ್ಣ ಮನೆಮಂದಿಯ ವಸ್ತುವಾದ್ದರಿಂದ ಅದರ ಭಯ ನಮಗಿಲ್ಲ. ಕಾರ್ಖಾನೆಗಳ ಕಣ್ಣು ತೊಳೆಯುವ ಸಾಧನಕ್ಕೆ ಅಮೆರಿಕದ ಮಾನದಂಡ ಹೇಳುವುದು ನಿಮಿಷಕ್ಕೆ ಒಂದೂವರೆ ಲೀಟರಿನಂತೆ ಹದಿನೈದು ನಿಮಿಷ, ಅಂದರೆ ಸುಮಾರು ಇಪ್ಪತ್ಮೂರು ಲೀಟರ್. ಒಂದು ನಲ್ಲಿ ಕೂರಿಸಿದ ಇಪ್ಪತ್ತೈದು ಲೀಟರಿನ ಕ್ಯಾನು, ಒಳಗೆ ಕುಡಿಯುವ ನೀರು, ಮೇಲೆ ಬೇರೆ ಯಾವುದಕ್ಕೂ ಮುಟ್ಟಕೂಡದೆಂಬ ಗುರುತು. ಅಷ್ಟು ಸಾಕು. ಬಿರುನಾಣಿಯ ತೋಟದಿಂದ ಮಡಿಕೇರಿಯ ಆಸ್ಪತ್ರೆ ಎಷ್ಟು ದೂರ ಎಂದು ಯೋಚಿಸಿದರೆ ಆ ಕ್ಯಾನಿನ ಬೆಲೆ ತಿಳಿಯುತ್ತದೆ.

ಇಷ್ಟೆಲ್ಲ ರಂಪ ಏಕೆ, ಎಚ್ಚರಿಕೆಯಿಂದ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಎಚ್ಚರಿಕೆ ಮಾತಿನಲ್ಲಿ ದಾಟುವ ವಸ್ತು, ಕೊಡಗಿನ ತೋಟದಲ್ಲಿ ಮಾತು ಹಲವು. ತೋಟದ ಗುಮಾಸ್ತನಾದ ರೈಟರ್ ಕನ್ನಡದಲ್ಲೋ ಕೊಡವ ತಕ್ಕಿನಲ್ಲೋ ಹೇಳಿದ್ದು ಮಲಯಾಳದ ಮೇಸ್ತ್ರಿಯ ಮೂಲಕ ಅಸ್ಸಾಮಿನಿಂದ ಬಂದ ಹುಡುಗನಿಗೋ ರವುಳ ಮಾತಾಡುವ ಯರವ ಕಾರ್ಮಿಕನಿಗೋ ತಲಪುವಾಗ ಅರ್ಧ ಉಳಿದರೆ ಹೆಚ್ಚು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ವಿಷದ ಮಟ್ಟ ಹೇಳುತ್ತದೆಯೇ ಹೊರತು ಯಾವುದನ್ನು ಯಾವುದರ ಪಕ್ಕ ಇಡಬಾರದೆಂದು ಹೇಳುವುದಿಲ್ಲ. ಬಿಳಿ ಪೆಟ್ಟಿಗೆಯಲ್ಲಿ ಬ್ಲೀಚಿನ ಬಿಳಿ ಕ್ಯಾನು, ಕೆಂಪು ಪೆಟ್ಟಿಗೆಯಲ್ಲಿ ಆಸಿಡ್ ಎಂಬ ಏರ್ಪಾಡು ಅಕ್ಷರ ಬಾರದವನಿಗೂ ಅರ್ಥವಾಗುತ್ತದೆ, ದಣಿದವನಿಗೂ ನೆನಪಾಗುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ಹಲವರು ಸತ್ತು ನೂರಾರು ಮಂದಿ ಅಸ್ವಸ್ಥರಾದಾಗ ಕೇಳಿಬಂದ ಮೊದಲ ಮಾತು, ಅವರು ಮಾಸ್ಕು ಹಾಕಿರಲಿಲ್ಲ ಎಂಬುದು. ಸೆಕೆಯಲ್ಲಿ ದಿನವಿಡೀ ಮಾಸ್ಕು ಹಾಕಿಕೊಂಡು ಮೂವತ್ತು ಮರಕ್ಕೆ ಹೊಡೆದು ನೋಡಿದರೆ ಆ ಮಾತನ್ನು ಅಷ್ಟು ಸುಲಭವಾಗಿ ಆಡಲಾಗದು. ದೇಹದ ಮೇಲೆ ಹೇರುವ ರಕ್ಷಣೆ ಕೊನೆಯ ಸಾಲಿನದು. ಗಾಡಿಯ ಗೋಡೆಗೆ ಸೆಕೆಯಾಗುವುದಿಲ್ಲ.

ಖರ್ಚಿನ ಆಕ್ಷೇಪ ಇದಕ್ಕಿಂತ ಗಟ್ಟಿ. ಒಂದು ಪಿಕಪ್ಪು, ಒಂದು ಪಂಪು, ಇಬ್ಬರು ಹುಡುಗರು ಎಂಬ ಬಂಡವಾಳದಲ್ಲಿ ನಡೆಯುವ ಕಸುಬಿಗೆ ವಿದೇಶದಿಂದ ಬರುವ ಸುರಕ್ಷಾ ಕಪಾಟು ತರಿಸಿ ಎಂದರೆ ಅದು ಅಪಹಾಸ್ಯ. ಆದರೆ ಮೇಲೆ ಹೇಳಿದವುಗಳಲ್ಲಿ ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಸಿಗದ ವಸ್ತು ಯಾವುದೂ ಇಲ್ಲ: ಪ್ಲಾಸ್ಟಿಕ್ ತೊಟ್ಟಿ, ಆಂಗಲ್ ಕಬ್ಬಿಣ, ಬಿಗಿಯುವ ಬೆಲ್ಟು, ಬೀಗ, ನಲ್ಲಿ ಇರುವ ಕ್ಯಾನು. ಒಳ್ಳೆಯ ಗನ್ನಿಗೂ ಹೋಸ್ ಪೈಪಿಗೂ ಹಿಂದೆಮುಂದೆ ನೋಡದೆ ದುಡ್ಡು ಹಾಕುವವರು ಇದಕ್ಕೆ ಹಾಕಲಾರರು ಎಂಬುದನ್ನು ನಾನು ಒಪ್ಪುವುದಿಲ್ಲ. ಬೋರ್ಡೋ ವಿಷವೇ ಅಲ್ಲ, ಸಾವಯವದಲ್ಲೂ ಒಪ್ಪುತ್ತಾರಲ್ಲ ಎಂಬ ಇನ್ನೊಂದು ಮಾತು ಇದೆ. ಸಾವಯವದಲ್ಲಿ ಒಪ್ಪುತ್ತಾರೆ, ಮಿತಿಯಿಟ್ಟು. 1880ರ ದಶಕದಲ್ಲಿ ಫ್ರಾನ್ಸಿನ ಮಿಲಾರ್ಡೆ ಬೋರ್ಡೋ ದ್ರಾಕ್ಷಿ ತೋಟಗಳಲ್ಲಿ ಕಂಡುಕೊಂಡ ಈ ಮಿಶ್ರಣ ನಮ್ಮ ಕಾಫಿ, ಅಡಿಕೆ, ಮೆಣಸುಗಳನ್ನು ಶತಮಾನದಿಂದ ಕಾದಿದೆ, ಅದರ ಋಣ ದೊಡ್ಡದು. ಆದರೆ ಸುಣ್ಣದೊಡನೆ ಸರಿಯಾಗಿ ಕೂಡಿದ ದ್ರಾವಣ ಬೇರೆ, ಗಾಡಿಯಲ್ಲಿರುವ ಚೀಲದ ಮೈಲುತುತ್ತ ಬೇರೆ. ಚೀಲದಲ್ಲಿರುವುದು ನುಂಗಿದರೆ ಕೊಲ್ಲುವ, ಕಣ್ಣಿಗೆ ಬಿದ್ದರೆ ಸುಡುವ ಹರಳು. ಪಾಚಿಗೆ ರಾಸಾಯನಿಕವೇ ಬೇಡ ಎನ್ನುವವರಿಗೆ ಮಾತ್ರ ನಾನು ಅರ್ಧಕ್ಕಿಂತ ಹೆಚ್ಚು ಬಿಟ್ಟುಕೊಡುತ್ತೇನೆ: ಕಲ್ಲುಹಾಸಿಗೆ ಬರೀ ನೀರಿನ ಒತ್ತಡವೂ ಒರಟು ಬ್ರಷ್ಷೂ ಸಾಕು. ಕಾಫಿ ಕಣಕ್ಕಂತೂ ಅಷ್ಟೇ ಇರಲಿ, ನಾಳೆ ಅದರ ಮೇಲೆ ಹರಡುವುದು ಜನ ಕುಡಿಯುವ ಬೆಳೆ. ಆ ಕೆಲಸಕ್ಕೆ ಹೋಗುವ ದಿನ ಪೆಟ್ಟಿಗೆಗಳು ಖಾಲಿ ಇದ್ದರೆ ಅದಕ್ಕಿಂತ ಸುರಕ್ಷಿತ ಗಾಡಿ ಇನ್ನೊಂದಿಲ್ಲ. ಹಳೆಯ ಹೆಂಚಿಗೆ ಮಾತ್ರ ಒತ್ತಡ ಆಗದು, ಮೇಲ್ಮೈ ಕಿತ್ತು ಬರುತ್ತದೆ. ಅಲ್ಲಿ ಬ್ಲೀಚಿನ ತೆಳು ದ್ರಾವಣ ಬೇಕಾಗಬಹುದು.

ಸೋರಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಬಯಲುಸೀಮೆಯಲ್ಲಿ ಚರಂಡಿಯ ಪ್ರಶ್ನೆ, ಕೊಡಗಿನಲ್ಲಿ ಕಾವೇರಿಯ ಪ್ರಶ್ನೆ. ಇಲ್ಲಿನ ಹೆಚ್ಚಿನ ಇಳಿಜಾರುಗಳ ಬುಡದಲ್ಲಿ ಒಂದು ತೋಡು, ತೋಡಿನ ಕೊನೆಯಲ್ಲಿ ಹಾರಂಗಿಯೋ ಲಕ್ಷ್ಮಣತೀರ್ಥವೋ ಕಾವೇರಿಯೋ. ಮೈಸೂರು, ಬೆಂಗಳೂರು ಕುಡಿಯುವುದು ಆ ನೀರನ್ನು. ನಗರಕ್ಕೆ ಮುಟ್ಟುವಾಗ ಅದು ತೆಳುವಾಗಿರುತ್ತದೆ ನಿಜ, ಆದರೆ ತೋಡಿನ ಮೀನಿಗೆ ಆ ಸಮಾಧಾನವಿಲ್ಲ. ಕ್ಲೋರಿನ್ನೂ ತಾಮ್ರವೂ ಮನುಷ್ಯನಿಗೆ ಲೆಕ್ಕಕ್ಕೇ ಬಾರದ ಪ್ರಮಾಣದಲ್ಲಿ ಮೀನನ್ನು ಕೊಲ್ಲುತ್ತವೆ. ಕಾವೇರಿ ಕಣಿವೆಯಲ್ಲಿ ಮಾತ್ರ ಉಳಿದಿರುವ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತುತ್ತತುದಿಯ ಪಟ್ಟಿ ಸೇರಿದೆ. ಹಾಗಾಗಿ ಗಾಡಿಯಲ್ಲಿ ಒಂದು ಬಕೆಟ್ ಒಣ ಮಣ್ಣೋ ಮರಳೋ, ಒಂದು ಮೊರ, ಗಟ್ಟಿ ಪ್ಲಾಸ್ಟಿಕ್ ಚೀಲ ಇರಲಿ. ಸೋರಿದ್ದನ್ನು ನೀರು ಹಾಕಿ ತೊಳೆಯುವ ಮೊದಲ ಆಸೆಯನ್ನು ತಡೆಯಲಿಕ್ಕೆ. ಖಾಲಿ ಡಬ್ಬಿಯನ್ನು ಮೂರು ಸಲ ಜಾಲಿಸಿ ಆ ನೀರನ್ನು ಸಿಂಪಡಿಸುವ ಬ್ಯಾರೆಲ್ಲಿಗೇ ಸುರಿದು, ಡಬ್ಬಿಗೆ ತೂತು ಕೊರೆದು ಬಿಡಬೇಕು. ತೂತಿಲ್ಲದ ಒಳ್ಳೆಯ ಡಬ್ಬಿ ಕಾರ್ಮಿಕರ ಲೈನ್‌ಮನೆಯಲ್ಲಿ ನೀರಿನ ಕೊಡವಾಗುತ್ತದೆ. ಕಳೆನಾಶಕವನ್ನು ಕುಡಿಯುವ ನೀರಿನ ಬಾಟಲಿಗೆ ಬಗ್ಗಿಸಿಕೊಂಡು ಹೋಗುವ ಅಭ್ಯಾಸ ಇದರ ಇನ್ನೊಂದು ಮುಖ. ಪ್ಯಾರಾಕ್ವಾಟ್‌ಗೆ ಮದ್ದಿಲ್ಲ. ಹೊರದೇಶಗಳಲ್ಲಿ ಜನ ಅದನ್ನು ಕೋಲಾ ಎಂದು ಕುಡಿದ ಮೇಲೆ ತಯಾರಕರು ನೀಲಿ ಬಣ್ಣವನ್ನೂ ದುರ್ವಾಸನೆಯನ್ನೂ ವಾಂತಿ ಬರಿಸುವ ಪದಾರ್ಥವನ್ನೂ ಬೆರೆಸತೊಡಗಿದರು. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದು ಏನು ಕುಡಿದದ್ದು, ಏನು ತಗುಲಿದ್ದು ಎಂದು. ಮೂಲ ಡಬ್ಬಿಯ ಚೀಟಿ ಇದ್ದರೆ ಉತ್ತರವಿದೆ, ಬಾಟಲಿಗಿಲ್ಲ.

ಸಂಜೆ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದು ಉಳಿದ ವಿಷಯ. ಈಗ ಅದು ನಿಲ್ಲುವುದು ಲೈನ್‌ಮನೆಯ ಎದುರಿಗೆ ಅಥವಾ ಮಾಲೀಕನ ಅಂಗಳದಲ್ಲಿ, ಮಕ್ಕಳು ಆಡುವ ಜಾಗದಲ್ಲಿ. ಪೆಟ್ಟಿಗೆಗಳನ್ನು ಬೋಲ್ಟ್ ಬಿಚ್ಚಿ ಎತ್ತುವಂತೆ, ಹಿಡಿಕೆಯಿಟ್ಟು ಮಾಡಿಸಿದರೆ ರಾತ್ರಿ ಅವನ್ನು ತೋಟದ ಸ್ಟೋರಿಗೆ ಸಾಗಿಸಬಹುದು. ಸ್ಟೋರಿಲ್ಲದವನು ಬೀಗದ ಕೈಯನ್ನು ಗಾಡಿಯ ಕೀಲಿಯ ಜತೆ ಸೇರಿಸದೆ ಬೇರೆ ಇಡಬೇಕು, ಏಕೆಂದರೆ ಗಾಡಿಯ ಕೀಲಿ ಹತ್ತು ಕೈ ಸುತ್ತುತ್ತದೆ. ಇದನ್ನೆಲ್ಲ ಮಾಡಿಸಲು ವರ್ಷದಲ್ಲಿ ಒಂದೇ ಬಿಡುವು ಸಿಗುವುದು. ಮಳೆಗೆ ಮುಂಚಿನ ಬೋರ್ಡೋ ಮುಗಿದು, ಸೆಪ್ಟೆಂಬರಿನ ಸಿಂಪಡಣೆಯೂ ಮಡಿಕೇರಿ ದಸರಾಕ್ಕೆ ಬರುವವರಿಗಾಗಿ ಹೋಂಸ್ಟೇಗಳ ತೊಳೆತವೂ ಒಟ್ಟಿಗೇ ಮೈಮೇಲೆ ಬೀಳುವ ನಡುವೆ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕೊಡವರ ಕಕ್ಕಡ ತಿಂಗಳು. ಆ ತಿಂಗಳು ಮಳೆಯಲ್ಲಿ ಔಷಧಿ ನಿಲ್ಲದು, ಪಾಚಿ ತೊಳೆದರೆ ಮಾರನೆ ವಾರ ಮತ್ತೆ ಬರುತ್ತದೆ, ಪಂಪು ಶೆಡ್ಡಿನಲ್ಲೇ ಕೂತಿರುತ್ತದೆ. ಬೆಸುಗೆಯವನ ಬಳಿಗೆ ಗಾಡಿ ಒಯ್ಯಲು ಅದೇ ಸರಿಯಾದ ಹೊತ್ತು.